ವಿಮೋಚನೆಯ ಕಥನ ಮತ್ತು ಮೌನದ ನೆಲೆಗಳು: 1948ರ ಪೊಲೀಸ್ ಕಾರ್ಯಾಚರಣೆ ಹಾಗೂ ಕೊಪ್ಪಳ ಸೀಮೆ

ಹೈದರಾಬಾದ್ ಕರ್ನಾಟಕದ ಆಧುನಿಕ ಚರಿತ್ರೆಯನ್ನು ಕುರಿತ ಕನ್ನಡ ಬರವಣಿಗೆಯಲ್ಲಿ 1948ರ ಸೆಪ್ಟೆಂಬರ್ 17 ಒಂದು ಗಡಿಕಲ್ಲಾಗಿ ನಿಂತಿದೆ. ಅದರ ಹಿಂದಿನದು ಕತ್ತಲೆ, ಮುಂದಿನದು ಬೆಳಕು ಎಂಬ ವಿಭಜನೆಯನ್ನು ಹೋರಾಟಗಾರರ ಅನುಭವ ಕಥನಗಳು, ಸ್ಮರಣ ಸಂಚಿಕೆಗಳು, ಪಠ್ಯಪುಸ್ತಕಗಳು ಹಾಗೂ ಉತ್ಸವದ ಭಾಷಣಗಳು ಬಹುಮಟ್ಟಿಗೆ ಒಪ್ಪಿಕೊಂಡು ಬಂದಿವೆ. ನಿಜಾಮ ಸಂಸ್ಥಾನದ ಕೊನೆಯ ದಿನಗಳಲ್ಲಿ ರಜಾಕಾರರು ನಡೆಸಿದ ಹಿಂಸೆ ನಿರ್ವಿವಾದವಾದದ್ದು. ಆ ಹಿಂಸೆಯನ್ನು ಉಂಡವರ ನೋವು ಈ ಬರವಣಿಗೆಗೆ ನೈತಿಕ ಬಲವನ್ನು ಕೊಟ್ಟಿದೆ. ಆದರೆ ಆ ಗಡಿಕಲ್ಲಿನ ಆಚೆಗೂ, ಅಂದರೆ ಭಾರತೀಯ ಸೇನೆ ಸಂಸ್ಥಾನವನ್ನು ವಶಪಡಿಸಿಕೊಂಡ ಅನಂತರದ ವಾರಗಳಲ್ಲಿಯೂ, ನಿಶ್ಶಸ್ತ್ರ ನಾಗರಿಕರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕೊಲ್ಲಲ್ಪಟ್ಟರೆಂದೂ ಕೆಲವೆಡೆ ಈ ಕೊಲೆಗಳಲ್ಲಿ ಸೈನಿಕರೇ ಭಾಗಿಗಳಾಗಿದ್ದರೆಂದೂ ಹೇಳುವ ಆಕರಗಳಿವೆ. ಕನ್ನಡದ ಅಧ್ಯಯನಗಳು ಈ ಆಕರಗಳೊಡನೆ ನಡೆಸಿದ ಸಂವಾದ ತೀರ ಕಡಿಮೆ.

ಪ್ರಸ್ತುತ ಲೇಖನವು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಕೇಂದ್ರವಾಗಿಟ್ಟುಕೊಂಡು ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತದೆ. ಸೈನಿಕರ ಮೇಲಿನ ಆರೋಪದ ಆಧಾರವೇನು ಮತ್ತು ಆ ಆಧಾರದ ಮಿತಿಯೇನು? ವಿಮೋಚನೆಯ ಕನ್ನಡ ಕಥನವು ಈ ಆರೋಪವನ್ನು ಎದುರಿಸದೆ ಉಳಿಯಲು ಅದರ ರಚನೆಯಲ್ಲಿಯೇ ಇರುವ ಕಾರಣಗಳೇನು? ದಾಖಲೆಯಲ್ಲಿ ಹೆಸರು ಕಾಣಿಸದ ಒಂದು ಸೀಮೆಯ ವಿಷಯದಲ್ಲಿ ಸಂಶೋಧಕನು ಏನನ್ನು ಹೇಳಬಹುದು, ಏನನ್ನು ಹೇಳಬಾರದು? ಮೂರನೆಯ ಪ್ರಶ್ನೆಯೇ ಇಲ್ಲಿ ಹೆಚ್ಚು ಮುಖ್ಯವಾದದ್ದು.

1. ಗಡಿಯ ಸೀಮೆ

ಇಂದಿನ ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. 1948ರಲ್ಲಿ ಈ ನಾಲ್ಕೂ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯ ಭಾಗಗಳಾಗಿದ್ದವು. ಆಡಳಿತದ ದೃಷ್ಟಿಯಿಂದ ಅವು ಏಕರೂಪವಾಗಿರಲಿಲ್ಲ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರಿಗೆ ಸೇರಿದ್ದವು. ಗಂಗಾವತಿಯ ಪಕ್ಕದಲ್ಲಿ ಆನೆಗೊಂದಿಯ ಅರಸು ಮನೆತನದ ಹಳೆಯ ಹಕ್ಕುದಾರಿಕೆಗಳಿದ್ದವು. ರೈತನು ಒಂದೆಡೆ ಜಾಗೀರಿನ ಅಧಿಕಾರಿಗೂ ಮತ್ತೊಂದೆಡೆ ಉರ್ದುವಿನಲ್ಲಿ ನಡೆಯುವ ಸರಕಾರಿ ಕಚೇರಿಗೂ ಉತ್ತರ ಹೇಳಬೇಕಾಗಿತ್ತು. ಜಾಗೀರುಗಳು ರದ್ದಾದದ್ದು ಪೊಲೀಸ್ ಕಾರ್ಯಾಚರಣೆಯ ಮರುವರ್ಷ, 1949ರ ಆಗಸ್ಟ್ ತಿಂಗಳಿನಲ್ಲಿ.

ಭೌಗೋಳಿಕವಾಗಿ ಈ ನಾಲ್ಕೂ ಗಡಿಯ ತಾಲ್ಲೂಕುಗಳು. ಕೊಪ್ಪಳದ ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಮುಂಡರಗಿ, ಯಲಬುರ್ಗಾದ ಅಂಚಿಗೆ ಗಜೇಂದ್ರಗಡ, ಕುಷ್ಟಗಿಯ ಉತ್ತರಕ್ಕೆ ವಿಜಾಪುರ ಜಿಲ್ಲೆ, ಗಂಗಾವತಿಯ ದಕ್ಷಿಣಕ್ಕೆ ತುಂಗಭದ್ರೆ ಮತ್ತು ಆಚೆ ದಡದಲ್ಲಿ ಮದರಾಸು ಪ್ರಾಂತದ ಹೊಸಪೇಟೆ, ಕಂಪ್ಲಿ. ಒಂದೇ ನಂಟಸ್ತಿಕೆಯ ಮನೆಗಳು ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದ ಸೀಮೆಯಿದು. ಈ ಗಡಿಯೇ ಹೋರಾಟಕ್ಕೆ ನೆಲೆಯಾಯಿತು. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ಅನಂತರ ಸಂಸ್ಥಾನದ ಒಳಗೆ ಕಾಸಿಂ ರಜ್ವಿಯ ನೇತೃತ್ವದ ರಜಾಕಾರ ಪಡೆ ಪ್ರಬಲವಾದಂತೆ, ಗಡಿಯ ಹೊರಗೆ ಶಿಬಿರಗಳು ಬಲಗೊಂಡವು. ಮುಂಡರಗಿ ಶಿಬಿರಕ್ಕೆ ಕೊಪ್ಪಳ ತಾಲ್ಲೂಕಿನ ಅಳವಂಡಿಯ ಶಿವಮೂರ್ತಿಸ್ವಾಮಿಯವರು ನಾಯಕರು. ಗಜೇಂದ್ರಗಡ ಶಿಬಿರದೊಡನೆ ಪುಂಡಲೀಕಪ್ಪ ಜ್ಞಾನಮೋಠೆಯವರ ಹೆಸರು ಬೆಸೆದುಕೊಂಡಿದೆ. ಈ ಶಿಬಿರಗಳಿಂದ ಯುವಕರು ಒಳನುಗ್ಗಿ ಕರೋಡಗಿರಿ ನಾಕೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಸುತ್ತಿದ್ದರು. ರಜಾಕಾರರ ಭಯದಿಂದ ಮನೆಮಠ ಬಿಟ್ಟು ಗಡಿದಾಟಿದ ಕುಟುಂಬಗಳು ಶಿಬಿರದ ಊರುಗಳಲ್ಲಿ ಆಶ್ರಯ ಪಡೆದವು. ಆದ್ದರಿಂದ 1948ರ ಸೆಪ್ಟೆಂಬರ್ ಹೊತ್ತಿಗೆ ಈ ಸೀಮೆಯಲ್ಲಿ ಎರಡು ಬಗೆಯ ಜನರಿದ್ದರು: ಊರು ಬಿಟ್ಟು ಹೋಗಿ ಮರಳಲು ಕಾದಿದ್ದವರು, ಮತ್ತು ಊರಿನಲ್ಲಿಯೇ ಉಳಿದವರು. ಕಾರ್ಯಾಚರಣೆಯ ಅನಂತರ ಇವರಿಬ್ಬರ ಮುಖಾಮುಖಿ ಹೇಗಾಯಿತೆಂಬುದು ಹಳ್ಳಿಹಳ್ಳಿಯ ಚರಿತ್ರೆಯ ಪ್ರಶ್ನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರಜಾಕಾರರೆಂದರೆ ಮುಸ್ಲಿಮರು, ಮುಸ್ಲಿಮರೆಂದರೆ ರಜಾಕಾರರು ಎಂಬ ಸಮೀಕರಣವನ್ನು ಆ ಕಾಲದ ಸಂಗತಿಗಳೇ ಒಪ್ಪುವುದಿಲ್ಲ. ರಜಾಕಾರರನ್ನು ಟೀಕಿಸಿದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ಅದೇ ತಿಂಗಳು ಫರೀದ್ ಮಿರ್ಜಾ ಮೊದಲಾದ ಮುಸ್ಲಿಂ ಗಣ್ಯರು ರಜಾಕಾರ ಸಂಘಟನೆಯನ್ನು ವಿರೋಧಿಸಿ ಬಹಿರಂಗ ಹೇಳಿಕೆ ನೀಡಿದ್ದರು. ಇನ್ನೊಂದೆಡೆ, ವಿಶ್ವಸಂಸ್ಥೆಯ ಮುಂದೆ ಸಂಸ್ಥಾನದ ದೂರನ್ನು ಮಂಡಿಸಲು ಹೋದ ನಿಯೋಗದಲ್ಲಿ ದಲಿತ ನಾಯಕ ಬಿ. ಶ್ಯಾಮಸುಂದರ್ ಇದ್ದರು. ಜಾತಿ, ಭೂಮಿ, ಅಧಿಕಾರಗಳ ಸಂಬಂಧಗಳು ಧರ್ಮದ ಗೆರೆಯನ್ನು ಹಲವೆಡೆ ಕತ್ತರಿಸಿ ಸಾಗಿದ್ದವು.

2. ಐದು ದಿನಗಳು, ಅನಂತರದ ವಾರಗಳು

ಭಾರತೀಯ ಸೇನೆ 1948ರ ಸೆಪ್ಟೆಂಬರ್ 13ರಂದು ಹಲವು ದಿಕ್ಕುಗಳಿಂದ ಸಂಸ್ಥಾನವನ್ನು ಪ್ರವೇಶಿಸಿತು. ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ನೇತೃತ್ವದಲ್ಲಿ ಮುನ್ನಡೆಯಿತು. ದಕ್ಷಿಣದಲ್ಲಿ ಹೊಸಪೇಟೆಯ ಕಡೆಯಿಂದ ನಡೆದ ಕಾರ್ಯಾಚರಣೆ ಈ ಲೇಖನದ ಸೀಮೆಗೆ ನೇರವಾಗಿ ಸಂಬಂಧಿಸಿದ್ದು. ಮೈಸೂರು ಸಂಸ್ಥಾನದ ಪದಾತಿ ದಳವು ತುಂಗಭದ್ರೆಯ ಬಳಿಯ ಸಕ್ಕರೆ ಕಾರ್ಖಾನೆಯನ್ನು ರಜಾಕಾರರಿಂದ ವಶಪಡಿಸಿಕೊಂಡಿತು. ಗೂರ್ಖಾ ದಳವೊಂದು ತುಂಗಭದ್ರೆಯ ಸೇತುವೆಯನ್ನು ಹಿಡಿಯಿತು. ಎರಡು ಸರಕಾರಗಳು ಕೂಡಿ 1945ರಲ್ಲಿ ಶಂಕುಸ್ಥಾಪನೆ ಮಾಡಿದ್ದ ಅಣೆಕಟ್ಟಿನ ನೆರೆಹೊರೆಯೇ ಹೀಗೆ ಸೈನ್ಯಗಳ ದಾರಿಯಾಯಿತು. ಸೆಪ್ಟೆಂಬರ್ 17ರಂದು ನಿಜಾಮನು ಕದನವಿರಾಮ ಘೋಷಿಸಿದನು. ಮರುದಿನ ಸಂಸ್ಥಾನದ ಸೇನಾಧಿಪತಿ ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದರು. ಚೌಧುರಿಯವರು ಸೇನಾ ರಾಜ್ಯಪಾಲರಾದರು. ಸೇನಾ ಆಡಳಿತ 1949ರ ಕೊನೆಯವರೆಗೂ ಮುಂದುವರಿಯಿತು.

ಸೇನೆಯ ಅಧಿಕೃತ ಚರಿತ್ರೆ, ಎಸ್.ಎನ್. ಪ್ರಸಾದ್ ಬರೆದು 1972ರಲ್ಲಿ ಪ್ರಕಟವಾದ ಗ್ರಂಥ, ಈ ಐದು ದಿನಗಳ ದಳಗಳ ಚಲನೆಯನ್ನು ದಾಖಲಿಸುತ್ತದೆ. ವಿ.ಪಿ. ಮೆನನ್ ಮತ್ತು ಕೆ.ಎಂ. ಮುನ್ಶಿಯವರ ಗ್ರಂಥಗಳು ದಿಲ್ಲಿಯ ನೆಲೆಯಿಂದಲೂ, ಲಾಯಕ್ ಅಲಿಯ ಗ್ರಂಥ ನಿಜಾಮ ಸರಕಾರದ ನೆಲೆಯಿಂದಲೂ ಇದೇ ದಿನಗಳನ್ನು ಕಾಣುತ್ತವೆ. ಇವೆಲ್ಲವೂ ಮುಖ್ಯವಾಗಿ ರಾಜ್ಯಶಕ್ತಿಗಳ ನಡುವಿನ ಚರಿತ್ರೆಗಳು. ಹಳ್ಳಿಯ ಮಟ್ಟದಲ್ಲಿ ಅಧಿಕಾರ ಕುಸಿದು ಇನ್ನೊಂದು ಅಧಿಕಾರ ನೆಲೆಗೊಳ್ಳುವ ನಡುವಿನ ವಾರಗಳಲ್ಲಿ ಏನಾಯಿತೆಂಬುದಕ್ಕೆ ಬೇರೆಯ ಆಕರವನ್ನೇ ನೋಡಬೇಕಾಗುತ್ತದೆ.

3. ಸುಂದರಲಾಲ್ ವರದಿ: ಹೇಳಿದ್ದು ಮತ್ತು ಹೇಳದಿದ್ದದ್ದು

ಸಂಸ್ಥಾನದ ಒಳನಾಡಿನಲ್ಲಿ ಮುಸ್ಲಿಮರ ಮೇಲೆ ವ್ಯಾಪಕ ಹಿಂಸೆ ನಡೆದಿದೆಯೆಂಬ ಸುದ್ದಿಗಳು ದಿಲ್ಲಿಯನ್ನು ತಲಪಿದಾಗ, ನೆಹರೂ ಮತ್ತು ಮೌಲಾನಾ ಆಜಾದ್ ಅವರ ಅಪೇಕ್ಷೆಯಂತೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರಿದ್ದ ಸದ್ಭಾವನಾ ನಿಯೋಗವೊಂದು 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದಲ್ಲಿ ಸಂಚರಿಸಿತು. ಹದಿನಾರು ಜಿಲ್ಲೆಗಳ ಪೈಕಿ ಒಂಬತ್ತನ್ನು, ಏಳು ಜಿಲ್ಲಾ ಕೇಂದ್ರಗಳನ್ನು, 21 ಪಟ್ಟಣಗಳನ್ನು ಮತ್ತು 23 ಮುಖ್ಯ ಹಳ್ಳಿಗಳನ್ನು ಅದು ಕಂಡಿತು. ಭೇಟಿ ಕೊಡಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರ ಹೇಳಿಕೆಗಳನ್ನು ಕೇಳಿತು.

ನಿಯೋಗದ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ಕಾರ್ಯಾಚರಣೆಯ ಸಂದರ್ಭದಲ್ಲಿ ಮತ್ತು ಅನಂತರ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆ ಅತಿ ಮಿತವಾದ ಅಂದಾಜಿನಲ್ಲಿ 27,000ದಿಂದ 40,000. ಅತ್ಯಂತ ಹೆಚ್ಚು ಬಾಧೆಗೊಳಗಾದ ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆಯಿಲ್ಲದ ಸಾವುಗಳು. ಔರಂಗಾಬಾದ್, ಬೀಡ್, ನಲಗೊಂಡ ಮತ್ತು ಮೇದಕ್ ಜಿಲ್ಲೆಗಳಲ್ಲಿ ಕನಿಷ್ಠ 5,000. ಕೊಲೆಯ ಜೊತೆಗೆ ಅತ್ಯಾಚಾರ, ಸ್ತ್ರೀಯರ ಅಪಹರಣ, ಲೂಟಿ, ಬೆಂಕಿ, ಮಸೀದಿಗಳ ಅಪವಿತ್ರೀಕರಣ, ಬಲವಂತದ ಮತಾಂತರ, ಮನೆ ಮತ್ತು ಹೊಲಗಳ ಅಪಹಾರ ನಡೆದವು. ಹಲವೆಡೆ ಸೈನಿಕರು ಗುಂಪುಗಳನ್ನು ಲೂಟಿಗೆ ಪ್ರೋತ್ಸಾಹಿಸಿದರೆಂದೂ, ಕೆಲವೆಡೆ ಒತ್ತಾಯಿಸಿದರೆಂದೂ, ಮತ್ತೂ ಕೆಲವು ಊರುಗಳಲ್ಲಿ ಸಶಸ್ತ್ರ ಪಡೆಯವರೇ ವಯಸ್ಕ ಮುಸ್ಲಿಂ ಗಂಡಸರನ್ನು ಹೊರಗೆ ಕರೆತಂದು ಕೊಂದರೆಂದೂ ನಿಯೋಗ ಹೇಳಿತು. ಅದೇ ಹೊತ್ತಿಗೆ ಅನೇಕ ಕಡೆ ಸೇನೆಯ ಅಧಿಕಾರಿಗಳ ನಡವಳಿಕೆಯನ್ನು ಅದು ಮೆಚ್ಚಿತು. ಹಿಂದೂ ನೇಕಾರರು ತಮ್ಮ ಪ್ರಾಣವನ್ನೂ ಲೆಕ್ಕಿಸದೆ ಮುಸ್ಲಿಂ ನೇಕಾರರನ್ನು ಕಾಪಾಡಿದ ಸಂಗತಿಯನ್ನೂ, ಅಪಹೃತ ಸ್ತ್ರೀಯರನ್ನು ಮರಳಿ ತರಲು ಹಿಂದೂಗಳು ನೆರವಾದದ್ದನ್ನೂ ದಾಖಲಿಸಿತು. ರಜಾಕಾರರು ನಡೆಸಿದ ಹಿಂಸೆಗೆ ಇದು ಪ್ರತೀಕಾರದ ರೂಪದಲ್ಲಿ ಬಂದಿತೆಂಬುದನ್ನೂ ಅದು ಮರೆಮಾಚಲಿಲ್ಲ.

ಈ ವರದಿಯನ್ನು ಆಕರವಾಗಿ ಬಳಸುವಾಗ ಅದರ ಸ್ವರೂಪವನ್ನು ಗಮನಿಸಬೇಕು. ಸಾಕ್ಷಿಗಳಿಗೆ ಪ್ರಮಾಣ ಬೋಧಿಸಿ ಪಾಟೀಸವಾಲು ನಡೆಸುವ ನ್ಯಾಯಾಂಗ ಆಯೋಗ ಇದಾಗಿರಲಿಲ್ಲ. ಮೂರು ವಾರಗಳಲ್ಲಿ ಒಂದು ದೊಡ್ಡ ಸಂಸ್ಥಾನವನ್ನು ಸುತ್ತಿದ ಮೂವರು ಕೇಳಿದ ಹೇಳಿಕೆಗಳ ಮೇಲೆ ಕಟ್ಟಿದ ಅಂದಾಜು ಇದು. ಗೃಹಮಂತ್ರಿ ಸರ್ದಾರ್ ಪಟೇಲರು 1949ರ ಆರಂಭದಲ್ಲಿಯೇ ವರದಿಯನ್ನು ತಿರಸ್ಕರಿಸಿದರು. ಇಂಥ ನಿಯೋಗವನ್ನು ಸರಕಾರ ಕಳುಹಿಸಿಯೇ ಇರಲಿಲ್ಲ, ರಜಾಕಾರರ ಅತ್ಯಾಚಾರಗಳಿಗೆ ಸಲ್ಲಬೇಕಾದ ಸ್ಥಾನವನ್ನು ವರದಿ ಕೊಟ್ಟಿಲ್ಲ ಎಂಬುದು ಅವರ ಆಕ್ಷೇಪ. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. 2001ರಲ್ಲಿ ಎ.ಜಿ. ನೂರಾನಿಯವರು ‘ಫ್ರಂಟ್‌ಲೈನ್’ ಪತ್ರಿಕೆಯಲ್ಲಿ ಅದರ ಭಾಗಗಳನ್ನು ಮುಂದಿಟ್ಟರು. 2013ರಲ್ಲಿ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರಿಗೆ ದೊರೆಯುವಂತಾಯಿತು.

ವರದಿ ಒಂಟಿ ಆಕರವೂ ಅಲ್ಲ. 1950ರಲ್ಲಿ ಕೆನಡಾದ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ತನ್ನ ಲೇಖನದಲ್ಲಿ ಇನ್ನೂ ದೊಡ್ಡ ಸಂಖ್ಯೆಗಳ, ಎರಡು ಲಕ್ಷದವರೆಗೆ ಹೋಗುವ, ಅಂದಾಜುಗಳಿದ್ದವೆಂದು ಉಲ್ಲೇಖಿಸಿದನು. ಫರೀದ್ ಮಿರ್ಜಾ 1976ರಲ್ಲಿ ಕಾರ್ಯಾಚರಣೆಯ ಹಿಂದಿನ ಮತ್ತು ಮುಂದಿನ ದಿನಗಳೆರಡನ್ನೂ ಒಟ್ಟಿಗೆ ಇಟ್ಟು ಬರೆದರು. ಈಚಿನ ಸಂಶೋಧಕರಲ್ಲಿ ಟೇಲರ್ ಶರ್ಮನ್, ಸುನಿಲ್ ಪುರುಷೋತ್ತಮ್, ಅಫ್ಸರ್ ಮೊಹಮ್ಮದ್ ಮೊದಲಾದವರು ಪತ್ರಾಗಾರ ಮತ್ತು ಮೌಖಿಕ ಆಕರಗಳಿಂದ ಈ ಕ್ಷೇತ್ರವನ್ನು ವಿಸ್ತರಿಸಿದ್ದಾರೆ. ಸಂಖ್ಯೆಗಳ ನಡುವಿನ ಅಂತರ ಇಷ್ಟು ದೊಡ್ಡದಾಗಿರುವಾಗ ಯಾವುದೇ ಒಂದನ್ನು ನಿಶ್ಚಿತ ಲೆಕ್ಕವೆಂದು ಬಳಸುವುದು ಸಾಧುವಲ್ಲ. ಆದರೆ ಸಂಖ್ಯೆಯ ಅನಿಶ್ಚಿತತೆಯನ್ನು ಘಟನೆಯ ಅನಿಶ್ಚಿತತೆಯಾಗಿ ಮಾರ್ಪಡಿಸುವುದೂ ಅಷ್ಟೇ ಅಸಾಧು. ವ್ಯಾಪಕ ಹತ್ಯೆ ನಡೆಯಿತೆಂಬ ವಿಷಯದಲ್ಲಿ ಪರಸ್ಪರ ಸಂಬಂಧವಿಲ್ಲದ ಆಕರಗಳು ಒಂದಾಗುತ್ತವೆ. ಅದರಲ್ಲಿ ಸೈನಿಕರ ಪಾಲು ಎಷ್ಟು, ಎಲ್ಲಿ, ಯಾರ ಆದೇಶದಿಂದ ಎಂಬುದು ವಿಚಾರಣೆಯ ಹಂತವನ್ನು ಕಾಣದ ಗಂಭೀರ ಆರೋಪವಾಗಿಯೇ ಉಳಿದಿದೆ.

4. ರಾಯಚೂರು ಜಿಲ್ಲೆ ಪಟ್ಟಿಯಲ್ಲಿ ಇಲ್ಲದಿರುವುದು

ಸಂಸ್ಥಾನದ ಮೂರು ಕನ್ನಡ ಜಿಲ್ಲೆಗಳಲ್ಲಿ ಬೀದರ್ ಮತ್ತು ಗುಲಬರ್ಗಾ ಅತ್ಯಂತ ಬಾಧಿತ ನಾಲ್ಕರ ಪಟ್ಟಿಯಲ್ಲಿವೆ. ರಾಯಚೂರು ಮೇಲಿನ ಎಂಟು ಜಿಲ್ಲೆಗಳಲ್ಲಿ ಇಲ್ಲ. ಇದರಿಂದ ಎರಡು ವಿರುದ್ಧ ತೀರ್ಮಾನಗಳಿಗೆ ಜಿಗಿಯುವ ಅಪಾಯವಿದೆ. ಕೊಪ್ಪಳ ಸೀಮೆಯಲ್ಲಿ ಏನೂ ನಡೆಯಲಿಲ್ಲವೆನ್ನುವುದು ಒಂದು. ನೆರೆಯ ಜಿಲ್ಲೆಗಳಲ್ಲಿ ನಡೆದದ್ದು ಇಲ್ಲಿಯೂ ನಡೆದಿರಲೇಬೇಕೆನ್ನುವುದು ಇನ್ನೊಂದು. ಎರಡಕ್ಕೂ ಆಧಾರವಿಲ್ಲ.

ಮೊದಲನೆಯದನ್ನು ವರದಿಯ ಒಳಗಿನ ಸಂಗತಿಯೇ ತಡೆಯುತ್ತದೆ. ಆ ಎಂಟು ಜಿಲ್ಲೆಗಳು ಅತಿ ಹೆಚ್ಚು ಬಾಧಿತವಾದವೆಂದು ನಿಯೋಗಕ್ಕೆ ತಿಳಿಸಿದವರು ಅಧಿಕಾರಿಗಳು. ಹದಿನಾರು ಜಿಲ್ಲೆಗಳಲ್ಲಿ ಮೂರು ಮಾತ್ರ ಕೋಮುಹಿಂಸೆಯಿಂದ ಬಹುಮಟ್ಟಿಗೆ, ಪೂರ್ಣವಾಗಿ ಅಲ್ಲ, ಮುಕ್ತವಾಗಿದ್ದವೆಂದು ವರದಿ ಹೇಳುತ್ತದೆ. ಎಂಟೂ ಮೂರೂ ಸೇರಿದರೆ ಹನ್ನೊಂದು. ಉಳಿದ ಐದು ಜಿಲ್ಲೆಗಳಲ್ಲಿ ಒಂದಷ್ಟು ಹಿಂಸೆ ನಡೆದಿದೆ, ಆದರೆ ಅದರ ಪ್ರಮಾಣ ಪ್ರತ್ಯೇಕವಾಗಿ ಲೆಕ್ಕಕ್ಕೆ ಸಿಕ್ಕಿಲ್ಲ ಎಂದಾಗುತ್ತದೆ. ಪಟ್ಟಿಯಲ್ಲಿ ಇಲ್ಲದಿರುವುದು ಇಲ್ಲಿ ಶೂನ್ಯವೆಂಬುದಕ್ಕೆ ಸಮನಲ್ಲ. ಎರಡನೆಯ ತೀರ್ಮಾನವನ್ನು ತಡೆಯುವುದು ಸ್ಥಳೀಯ ಭಿನ್ನತೆಯ ತತ್ತ್ವ. ಜಾಗೀರು ಹಳ್ಳಿಗೂ ಸರಕಾರಿ ಹಳ್ಳಿಗೂ, ನದೀತೀರಕ್ಕೂ ಎರೆಹೊಲದ ನಾಡಿಗೂ, ಶಿಬಿರಕ್ಕೆ ಹತ್ತಿರದ ಊರಿಗೂ ದೂರದ ಊರಿಗೂ ಸಂಬಂಧಗಳು ಬೇರೆಯಾಗಿದ್ದವು. ಹೊಸಪೇಟೆಯ ಕಡೆಯಿಂದ ಬಂದ ದಳಗಳ ಚಲನೆ ತಿಳಿದಿದೆಯೆಂಬ ಮಾತ್ರಕ್ಕೆ ವರದಿಯ ಸಾಮಾನ್ಯ ಆರೋಪವನ್ನು ಆ ದಳಗಳಿಗೆ ಅಂಟಿಸಲು ಬರುವುದಿಲ್ಲ.

ಇನ್ನೊಂದು ತಾಂತ್ರಿಕ ತೊಡಕು ಆಡಳಿತದ ಗಡಿಗಳದ್ದು. 1956ರಲ್ಲಿ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ ಮುಂತಾದ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಆಂಧ್ರಪ್ರದೇಶಕ್ಕೂ ಹೋದವು. ಗುಲಬರ್ಗಾದ ಕೊಡಂಗಲ್, ತಾಂಡೂರು ಹಾಗೂ ರಾಯಚೂರಿನ ಗದ್ವಾಲ, ಆಲಂಪುರ ಕೂಡ ಆಂಧ್ರದ ಪಾಲಾದವು. ಆದ್ದರಿಂದ 1948ರ ಜಿಲ್ಲಾವಾರು ಅಂಕಿಗಳನ್ನು ಇಂದಿನ ಕರ್ನಾಟಕದ ಜಿಲ್ಲೆಗಳ ಹೆಸರಿನಲ್ಲಿ ನೇರವಾಗಿ ಹೇಳುವುದು ತಪ್ಪು ಲೆಕ್ಕವಾಗುತ್ತದೆ. ಕನ್ನಡ ಲೇಖನಗಳಲ್ಲಿ ಈ ತಪ್ಪಿಗೆ ಅವಕಾಶ ಹೆಚ್ಚು.

5. ಹೆಸರುಗಳ ರಾಜಕಾರಣ

ಪದಗಳು ಇಲ್ಲಿ ಕೇವಲ ಸೂಚಕಗಳಲ್ಲ. ಸೇನೆಯ ಹಲವು ದಳಗಳು, ಟ್ಯಾಂಕುಗಳು, ವಿಮಾನಗಳು ಪಾಲ್ಗೊಂಡ ಕಾರ್ಯಾಚರಣೆಗೆ ‘ಪೊಲೀಸ್ ಕಾರ್ಯಾಚರಣೆ’ ಎಂಬ ಹೆಸರು ಬಂದಿತು. ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಇದ್ದ ಸಂದರ್ಭದಲ್ಲಿ, ಇದು ಎರಡು ದೇಶಗಳ ಯುದ್ಧವಲ್ಲ, ದೇಶದೊಳಗಿನ ಶಾಂತಿಪಾಲನೆಯ ಕ್ರಮ ಎಂದು ಹೇಳುವ ಅಗತ್ಯ ಭಾರತ ಸರಕಾರಕ್ಕಿತ್ತು. ಈ ಹೆಸರಿಗೆ ಒಂದು ಪರಿಣಾಮವಿದೆ. ಯುದ್ಧವೆಂದು ಕರೆದರೆ ಯುದ್ಧಕಾಲದ ನಾಗರಿಕರ ರಕ್ಷಣೆಯ ಪ್ರಶ್ನೆ ಸಹಜವಾಗಿ ಹುಟ್ಟುತ್ತದೆ. ಪೊಲೀಸ್ ಕ್ರಮವೆಂದು ಕರೆದಾಗ ಅನಂತರದ ಸಾವುಗಳು ‘ಗಲಭೆ’ ಅಥವಾ ‘ಪ್ರತೀಕಾರ’ ಎಂಬ ವರ್ಗಕ್ಕೆ ಸೇರಿಬಿಡುತ್ತವೆ. ಸೈನಿಕನು ಮಾಡಿದನೆನ್ನಲಾದ ಕೃತ್ಯಕ್ಕೆ ಇಡಲು ಅಲ್ಲಿ ಪದವೇ ಇರುವುದಿಲ್ಲ.

ಕನ್ನಡದಲ್ಲಿ ಇದರ ಜೊತೆಗೆ ‘ವಿಮೋಚನೆ’ ಮತ್ತು ‘ವಿಲೀನ’ ಎಂಬ ಇನ್ನೆರಡು ಪದಗಳು ಬಳಕೆಯಲ್ಲಿವೆ. ‘ವಿಲೀನ’ ಆಡಳಿತದ ಪದ. ಅದರಲ್ಲಿ ಜನರಿಲ್ಲ. ‘ವಿಮೋಚನೆ’ ಅನುಭವದ ಪದ. ರಜಾಕಾರರ ಭಯದಲ್ಲಿ ಬದುಕಿದ ರೈತನಿಗೆ, ಶಿಬಿರದಲ್ಲಿ ತಿಂಗಳುಗಟ್ಟಲೆ ಕಳೆದ ತರುಣನಿಗೆ, ತಾಯ್ನುಡಿಯ ಶಾಲೆಯನ್ನು ಬಯಸಿದವನಿಗೆ ಅದು ಅಕ್ಷರಶಃ ಬಿಡುಗಡೆ. ಆ ಅನುಭವವನ್ನು ಅಲ್ಲಗಳೆಯುವ ಹಕ್ಕು ಯಾವ ಸಂಶೋಧಕನಿಗೂ ಇಲ್ಲ. ಆದರೆ ಅದೇ ವಾರಗಳಲ್ಲಿ ಮನೆಯ ಗಂಡಸರನ್ನು ಕಳೆದುಕೊಂಡ ಒಂದು ಕುಟುಂಬಕ್ಕೆ ಈ ಪದದಲ್ಲಿ ಜಾಗವಿಲ್ಲ. ಒಂದೇ ದಿನಾಂಕ ಎರಡು ಮನೆಗಳಲ್ಲಿ ಎರಡು ಅರ್ಥಗಳನ್ನು ಪಡೆಯಬಹುದೆಂಬುದನ್ನು ಒಪ್ಪುವ ಚರಿತ್ರೆಗೆ ಮಾತ್ರ ಇವೆರಡನ್ನೂ ಹಿಡಿದಿಡಲು ಸಾಧ್ಯ. 2019ರಲ್ಲಿ ಪ್ರದೇಶಕ್ಕೆ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂದ ಮೇಲೆ ಸೆಪ್ಟೆಂಬರ್ 17ರ ಆಚರಣೆ ‘ಕಲ್ಯಾಣ ಕರ್ನಾಟಕ ಉತ್ಸವ’ವಾಗಿದೆ. ಹೆಸರು ಬದಲಾದರೂ ಕಥನದ ಚೌಕಟ್ಟು ಬದಲಾಗಿಲ್ಲ.

6. ಶಿಬಿರ ಕಥನದ ರಚನೆ

ಹೋರಾಟಗಾರರ ಅನುಭವ ಕಥನಗಳಿಗೆ ಒಂದು ಸಾಮಾನ್ಯ ವಿನ್ಯಾಸವಿದೆ. ದಬ್ಬಾಳಿಕೆಯ ವರ್ಣನೆಯಿಂದ ಅವು ಆರಂಭವಾಗುತ್ತವೆ. ನಾಯಕನ ಪ್ರವೇಶ, ಊರು ಬಿಡುವುದು, ಶಿಬಿರದ ಜೀವನ, ನಾಕೆಯ ಮೇಲಿನ ದಾಳಿ, ಜೊತೆಗಾರನ ಸಾವು ಅನುಕ್ರಮವಾಗಿ ಬರುತ್ತವೆ. ಸೇನೆಯ ಆಗಮನ ಪರಾಕಾಷ್ಠೆ. ಧ್ವಜಾರೋಹಣ ಮುಕ್ತಾಯ. ಅಂದರೆ ಶಿಬಿರ ಕಥನ ಮುಗಿಯುವ ದಿನದಂದೇ ಸುಂದರಲಾಲ್ ವರದಿಯ ವಸ್ತುವಿನ ಬಹುಭಾಗ ಆರಂಭವಾಗುತ್ತದೆ. ಎರಡು ಪಠ್ಯಗಳು ಪರಸ್ಪರ ವಿರೋಧಿಸುತ್ತಿವೆಯೆನ್ನುವುದಕ್ಕಿಂತ, ಒಂದರ ಕೊನೆಯ ಪುಟ ಇನ್ನೊಂದರ ಮೊದಲ ಪುಟವಾಗಿದೆಯೆನ್ನುವುದು ಹೆಚ್ಚು ಸರಿ. ಮೌನವನ್ನು ಬರೆದವರ ದುರುದ್ದೇಶವೆಂದು ಆರೋಪಿಸುವ ಮೊದಲು ಅದು ಪ್ರಕಾರದ ಆರಂಭ ಮತ್ತು ಅಂತ್ಯಗಳ ಆಯ್ಕೆಯಿಂದ ಹುಟ್ಟಿದ್ದೆಂಬುದನ್ನು ಕಾಣಬೇಕು.

ಈ ವಿನ್ಯಾಸಕ್ಕೆ ಸಾಂಸ್ಥಿಕ ಪೋಷಣೆಯೂ ದೊರೆತಿದೆ. ಸ್ವಾತಂತ್ರ್ಯ ಯೋಧರ ಮಾಸಾಶನಕ್ಕೆ ಅರ್ಜಿ ಹಾಕುವವನು ತಾನು ಶಿಬಿರದಲ್ಲಿದ್ದುದನ್ನು ಸಾಬೀತುಪಡಿಸಬೇಕಾಗಿತ್ತು. ಶಿಬಿರದ ಅನಂತರ ಏನು ಕಂಡೆನೆಂಬುದನ್ನು ಕೇಳುವ ಕಾಲಂ ಯಾವ ಅರ್ಜಿಗೂ ಬೇಕಾಗಿರಲಿಲ್ಲ. ಸ್ಮಾರಕಗಳ ವಿಷಯದಲ್ಲಿಯೂ ಹೀಗೆಯೇ. 1948ರ ಮೇ ತಿಂಗಳಿನಲ್ಲಿ ರಜಾಕಾರರ ಹತ್ಯಾಕಾಂಡಕ್ಕೆ ಗುರಿಯಾದ ಬೀದರ್ ಸೀಮೆಯ ಗೋರಟಾ ಗ್ರಾಮದಲ್ಲಿ 2023ರಲ್ಲಿ ಸ್ಮಾರಕ ಉದ್ಘಾಟನೆಯಾಯಿತು. ಅದು ನ್ಯಾಯವಾದ ಸ್ಮರಣೆ. ಅದೇ ವರ್ಷದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ಗಳ ಸಾವುಗಳಿಗೆ ಇಂಥ ಸಾರ್ವಜನಿಕ ಸ್ಮರಣೆಯ ಜಾಗ ದೊರೆತಿಲ್ಲವೆಂಬ ಅಸಮತೋಲವನ್ನು ಗಮನಿಸಿದರೆ ಗೋರಟಾದ ದುಃಖ ಕಡಿಮೆಯಾಗುವುದಿಲ್ಲ.

7. ಮೌಖಿಕ ಆಕರ: ಕೆಲವು ವಿಧಾನದ ಪ್ರಶ್ನೆಗಳು

ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಬರವಣಿಗೆಯ ಆಕರ ವಿರಳವಾಗಿರುವುದರಿಂದ ಮೌಖಿಕ ಚರಿತ್ರೆಯ ಕಡೆಗೆ ತಿರುಗುವುದು ಅನಿವಾರ್ಯ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಉಳಿದಿರುವ ಕಾಲ ಬಹಳ ಕಡಿಮೆ.

ಇಟಲಿಯ ವಿದ್ವಾಂಸ ಅಲೆಸಾಂದ್ರೊ ಪೊರ್ತೆಲ್ಲಿಯ ಅಧ್ಯಯನವೊಂದು ಇಲ್ಲಿ ಉಪಯುಕ್ತ. 1949ರ ಮಾರ್ಚ್‌ನಲ್ಲಿ ತೆರ್ನಿ ಎಂಬ ಉಕ್ಕಿನ ಪಟ್ಟಣದಲ್ಲಿ ನಡೆದ ಪ್ರತಿಭಟನೆಯಲ್ಲಿ ಪೊಲೀಸರಿಂದ ಸತ್ತ ಲುಯಿಜಿ ತ್ರಸ್ತುಲ್ಲಿ ಎಂಬ ಕಾರ್ಮಿಕನ ಸಾವನ್ನು ಅನೇಕ ಹಿರಿಯರು 1953ರ ಕಾರ್ಮಿಕರ ವಜಾ ವಿರೋಧಿ ಹೋರಾಟದ ಕಾಲಕ್ಕೆ ಸೇರಿಸಿ ಹೇಳುತ್ತಿದ್ದರು. ಪೊರ್ತೆಲ್ಲಿ ಈ ತಪ್ಪನ್ನು ತಿದ್ದಿ ಸುಮ್ಮನಾಗಲಿಲ್ಲ. ತಪ್ಪು ದಿನಾಂಕವೇ ಸಮುದಾಯವು ಆ ಸಾವಿಗೆ ಕೊಟ್ಟ ಅರ್ಥವನ್ನು ತೋರಿಸುತ್ತದೆಂದು ವಾದಿಸಿದನು. ಕೊಪ್ಪಳ ಸೀಮೆಯಲ್ಲಿಯೂ ಕಾರ್ಯಾಚರಣೆಯ ಹಿಂದಿನ ಮತ್ತು ಮುಂದಿನ ಘಟನೆಗಳು ‘ರಜಾಕಾರರ ಕಾಲ’ ಎಂಬ ಒಂದೇ ಹೆಸರಿನಡಿ ಬರುವ ಸಾಧ್ಯತೆ ಇದೆ. ಆಗ ಕ್ಷೇತ್ರಕಾರ್ಯದಲ್ಲಿ ಕೇಳಬೇಕಾದದ್ದು ‘ಯಾವ ವರ್ಷ?’ ಎಂದಲ್ಲ. ‘ಆಗ ಹೊಲದಲ್ಲಿ ಯಾವ ಬೆಳೆ ಇತ್ತು? ಮೊಹರಂ ಆಗಿತ್ತೋ, ದಸರೆ ಆಗಿತ್ತೋ? ಊರು ಬಿಟ್ಟವರು ಮರಳಿದ್ದರೋ ಇಲ್ಲವೋ?’ ಎಂಬ ಪ್ರಶ್ನೆಗಳಿಂದ ಘಟನೆಯ ಕಾಲ ತಾನಾಗಿ ನಿಲ್ಲುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಮುಂಗಾರು ಫಸಲು ಹೊಲದಲ್ಲಿರುತ್ತದೆ. ಬಿಳಿಜೋಳ ಇನ್ನೂ ಬಿತ್ತನೆಯ ಹಂತದಲ್ಲಿರುತ್ತದೆ. ರೈತನ ಸ್ಮೃತಿಗೆ ಇದೇ ಪಂಚಾಂಗ.

ಸ್ತ್ರೀಯರ ಸ್ಮೃತಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಸೂಕ್ಷ್ಮತೆ ಬೇಕು. ದೇಶವಿಭಜನೆಯ ಹಿಂಸೆಯನ್ನು ಕುರಿತು ಊರ್ವಶಿ ಬುಟಾಲಿಯಾ 1998ರಲ್ಲಿ ಪ್ರಕಟಿಸಿದ ಕೃತಿಯು, ಕುಟುಂಬದ ಗಂಡಸರ ಎದುರು ಹೇಳಲಾಗದ ಮಾತುಗಳಿಗೆ ಬೇರೆಯ ಹೊತ್ತು, ಬೇರೆಯ ಕಿವಿ ಬೇಕೆಂಬುದನ್ನು ಮನಗಾಣಿಸಿತು. ಅಪಹರಣದ ಸಂಗತಿಗಳು ವರದಿಯಲ್ಲಿ ಪ್ರಮುಖವಾಗಿರುವಾಗ, ಕ್ಷೇತ್ರಕಾರ್ಯದ ತಂಡದಲ್ಲಿ ದಖನಿ ಬಲ್ಲ ಸ್ತ್ರೀಯರಿಲ್ಲದೆ ಇಂಥ ಅಧ್ಯಯನ ಆರಂಭವಾಗುವುದೇ ಕಷ್ಟ. ಕನ್ನಡ ವಿಭಾಗಗಳ ಸಂಶೋಧನೆ ಕನ್ನಡವನ್ನಷ್ಟೇ ಆಲಿಸಿದರೆ ಈ ಸೀಮೆಯ ಅರ್ಧ ಸ್ಮೃತಿ ಅದರ ಹೊರಗೆ ಉಳಿಯುತ್ತದೆ. ಉರ್ದು ಕಾದಂಬರಿಗಾರ್ತಿ ಜೀಲಾನಿ ಬಾನೋ ಹೈದರಾಬಾದಿನ ಕುಸಿತದ ಕಾಲವನ್ನು ಕಾದಂಬರಿಗೆ ತಂದುಕೊಂಡ ಬಗೆಯನ್ನು ನಮ್ಮ ಶಿಬಿರ ಕಥನಗಳ ಜೊತೆಯಿಟ್ಟು ಓದುವ ತೌಲನಿಕ ಅಧ್ಯಯನಕ್ಕೆ ಅವಕಾಶವಿದೆ.

ಬರಹದ ಆಕರಗಳಲ್ಲಿಯೂ ಮೂರು ದಾರಿಗಳು ತೆರೆದಿವೆ. ಒಂದು, 1941 ಮತ್ತು 1951ರ ಜನಗಣತಿಗಳ ಹೋಲಿಕೆ. ಇಲ್ಲಿ ಮುಸ್ಲಿಂ ಜನಸಂಖ್ಯೆಯ ಏರಿಳಿತಕ್ಕೆ ಸಾವು ಮಾತ್ರವಲ್ಲದೆ ವಲಸೆಯೂ ಕಾರಣವೆಂಬುದನ್ನು ಮರೆಯಬಾರದು. ಎರಡು, 1948ರ ಹಿಂದೆ ಮುಂದೆ ಪಹಣಿ ಮತ್ತು ಮನೆಜಾಗದ ದಾಖಲೆಗಳಲ್ಲಿ ಹಕ್ಕುದಾರರ ಹೆಸರು ಬದಲಾದ ರೀತಿ. ಮೂರು, ಪಾಳುಬಿದ್ದ ಮಸೀದಿ, ಗೋರಿ, ಆಶೂರಖಾನೆಗಳ ಸ್ಥಳಚರಿತ್ರೆ. ಮೊಹರಂ ಅಲಾಯಿಯಲ್ಲಿ ಎಲ್ಲ ಜಾತಿಯವರೂ ಕೂಡುವ ಈ ನಾಡಿನಲ್ಲಿ, ಮುಸ್ಲಿಂ ಮನೆಗಳು ಇಲ್ಲದ ಊರುಗಳಲ್ಲಿಯೂ ದೇವರು ಕೂಡಿಸುವುದನ್ನು ಕಾಣುತ್ತೇವೆ. ಅಂಥ ಪ್ರತಿಯೊಂದು ಊರಿನ ಹಿಂದೆ 1948 ಇದೆಯೆಂದು ಹೇಳಲು ಬರುವುದಿಲ್ಲ. ಆದರೆ ಅಲ್ಲಿ ಮನೆಗಳಿದ್ದವೇ, ಇದ್ದರೆ ಯಾವಾಗ ಇಲ್ಲವಾದವು ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ.

8. ಉಪಸಂಹಾರ

ಒಟ್ಟಾರೆಯಾಗಿ ಈ ಚರ್ಚೆಯಿಂದ ಹೊರಡುವ ನಿಲುವುಗಳು ಮಿತವಾದವು. ರಜಾಕಾರರ ಹಿಂಸೆ ಮತ್ತು ಕಾರ್ಯಾಚರಣೆಯ ಅನಂತರದ ಹಿಂಸೆ ಒಂದನ್ನೊಂದು ರದ್ದುಪಡಿಸುವ ಲೆಕ್ಕದ ಎರಡು ಬದಿಗಳಲ್ಲ. ಮೊದಲನೆಯದು ಎರಡನೆಯದಕ್ಕೆ ಕಾರಣದ ಒಂದು ಭಾಗವನ್ನು ಒದಗಿಸಬಹುದು, ಸಮರ್ಥನೆಯನ್ನು ಒದಗಿಸಲಾರದು. ಸೈನಿಕರು ನಾಗರಿಕರನ್ನು ಕೊಂದರೆಂಬ ಆರೋಪ ಸರಕಾರದ ಹಿತೈಷಿಗಳೇ ಆಗಿದ್ದ ಮೂವರ ವರದಿಯಿಂದ ಬಂದಿದೆ. ಅದನ್ನು ಸಾಬೀತಾದ ತೀರ್ಪೆಂದು ಬಳಸುವುದೂ ವೈರಿಗಳ ಅಪಪ್ರಚಾರವೆಂದು ತಳ್ಳಿಹಾಕುವುದೂ ಸಂಶೋಧನೆಯ ಶಿಸ್ತಿಗೆ ಹೊರತಾದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮಟ್ಟಿಗೆ ವರದಿಯ ಪಟ್ಟಿಯಿಂದ ಯಾವ ತೀರ್ಮಾನವನ್ನೂ ಎಳೆಯಲಾಗದು. ಇಲ್ಲಿ ಹಿಂಸೆ ಕಡಿಮೆಯಾಗಿದ್ದರೆ ಅದಕ್ಕೂ ಕಾರಣಗಳಿರಬೇಕು. ಯಾವ ನಾಯಕರು, ಯಾವ ಮಠಗಳು, ಯಾವ ನೆರೆಹೊರೆಯವರು ಅದನ್ನು ತಡೆದರೆಂಬುದು ಹಿಂಸೆಯಷ್ಟೇ ಅಧ್ಯಯನಕ್ಕೆ ಯೋಗ್ಯವಾದ ಸಂಗತಿ. ತಡೆಯಲಾಗದಿದ್ದ ಊರುಗಳಿದ್ದರೆ ಅವುಗಳ ಹೆಸರೂ ಚರಿತ್ರೆಗೆ ಸಲ್ಲಬೇಕು.

ಶಿಬಿರದಿಂದ ಮರಳಿದವನ ಮಾತನ್ನು ಕನ್ನಡ ಸಂಶೋಧನೆ ಗೌರವದಿಂದ ಬರೆದುಕೊಂಡಿದೆ. ಅವನು ಮರಳಿ ಬಂದ ದಿನ ಅದೇ ಓಣಿಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದವರ ಮಾತನ್ನು ಬರೆದುಕೊಳ್ಳುವ ಕೆಲಸ ಬಾಕಿಯಿದೆ. ಕೇಳಿಸಿಕೊಂಡವರ ಮಕ್ಕಳಾದರೂ ಬದುಕಿರುವಾಗಲೇ ಅದು ನಡೆಯಬೇಕಾಗಿದೆ.